ಟೀಮೇಕರ್ ಮಾವನ ಹದಿನಾಲ್ಕನೇ ಡಬ್ಬ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕಂದು ಬಣ್ಣಕ್ಕೆ ತಿರುಗಿದ್ದವು. ಮೂವತ್ತು ವರ್ಷಕ್ಕೂ ಮೇಲೆ, ಹುದುಗುತ್ತಿರುವ ಟೀ ಎಲೆಯನ್ನು ಚಿವುಟಿ, ಉಜ್ಜಿ, ಮೂಸಿ ನೋಡಿದ ಬೆರಳುಗಳು. ಕೆಲಸ ಬಿಟ್ಟು ಏಳು ವರ್ಷವಾಗಿದ್ದರೂ ಸೋಪು, ಸೀಗೆಪುಡಿ, ನಿಂಬೆಸಿಪ್ಪೆ ಯಾವುದಕ್ಕೂ ಆ ಬಣ್ಣ ಜಗ್ಗಿರಲಿಲ್ಲ. ಆ ಎರಡು ಬೆರಳುಗಳಲ್ಲಿ ಒಂದು ತುಂಡು ಫಿಲಂ ಹಿಡಿದು ಅವರು ಕೆಳತುಟಿಗೆ ಮುಟ್ಟಿಸಿದ್ದನ್ನು ಮೊದಲ ಸಲ ನೋಡಿದಾಗ, ಈ ಮನುಷ್ಯ ಅದನ್ನು ತಿಂದೇಬಿಡುತ್ತಾರೆ ಅಂದುಕೊಂಡೆ. ಫಿಲಮ್ಮಿನ ಒಂದು ಮುಖಕ್ಕೆ ಚಿತ್ರ ಹಿಡಿಯುವ ಲೇಪ ಇರುತ್ತದೆ, ಅದು ಒದ್ದೆ ತುಟಿಗೆ ಸಣ್ಣಗೆ ಅಂಟುತ್ತದೆ. ಇನ್ನೊಂದು ಮುಖ ಜಾರುತ್ತದೆ. ಕಣ್ಣು ಸರಿಯಾಗಿ ಕಾಣದವರಿಗೆ ಫಿಲಮ್ಮಿನ ಮೇಲ್ಭಾಗ ಯಾವುದು, ಕೆಳಭಾಗ ಯಾವುದು ಎಂದು ತಿಳಿಯಲು ಅದೊಂದೇ ದಾರಿ. "ಅಂಟ್ತದ ಕನವ್ವ, ಈ ಮಗ್ಗಲು ಕೆಳಕ್ಕೆ ಇಡು," ಎಂದು ನನ್ನ ಕೈಗೆ ಕೊಟ್ಟರು.

ನಾವು ಅವರನ್ನು ಕರೆಯುತ್ತಿದ್ದದ್ದು ಟೀಮೇಕರ್ ಮಾವ ಎಂದು. ಟೀಮೇಕರ್ ಎಂದರೆ ಟೀ ಕಾಸಿ ಕೊಡುವವರಲ್ಲ. ತೋಟದಿಂದ ಬಂದ ಹಸಿರೆಲೆ ಎಷ್ಟು ಹೊತ್ತು ಬಾಡಬೇಕು, ಎಷ್ಟು ಹೊತ್ತು ಹುದುಗಬೇಕು, ಯಾವ ಗಳಿಗೆಯಲ್ಲಿ ಡ್ರೈಯರ್‌ಗೆ ಹೋಗಬೇಕು ಎಂದು ಫ್ಯಾಕ್ಟರಿಯಲ್ಲಿ ತೀರ್ಮಾನ ಮಾಡುವವರು. ನೀಲಗಿರಿಯ ಕೂನೂರಿನ ಕೆಳಗಿನ ಕಣಿವೆಯಲ್ಲಿ ಅವರಿದ್ದ ಫ್ಯಾಕ್ಟರಿಗೆ ಸುತ್ತಲ ಬಡಗರ ಹಟ್ಟಿಗಳಿಂದ ಸಣ್ಣ ಬೆಳೆಗಾರರು ಎಲೆ ತಂದು ಹಾಕುತ್ತಿದ್ದರು. ಹತ್ತು ನಿಮಿಷ ತಡವಾದರೆ ಅಷ್ಟೂ ಜನರ ಒಂದು ದಿನದ ಎಲೆ ಹಾಳು. ಇಂಥ ಕೆಲಸದಲ್ಲಿ ಕೂದಲು ಬೆಳ್ಳಗಾದ ಮನುಷ್ಯ ಕೂರುವುದನ್ನು ಕಲಿತೇ ಇರಲಿಲ್ಲ. ನಿವೃತ್ತಿಯಾದ ಮೇಲೂ ಮನೆಯೊಳಗೆ ಓಡಾಡುತ್ತ, ಡಬ್ಬಗಳ ಮುಚ್ಚಳ ತೆಗೆದು ಮೂಸುತ್ತ, ಉರಿಯುವ ಸ್ಟವ್ ಸಣ್ಣ ಮಾಡುತ್ತ ಇರುತ್ತಿದ್ದರು. "ಇವರೊಬ್ಬರು ಮನೇಲಿದ್ರೆ ನಾಕು ಜನ ಇದ್ದಂಗೆ. ಸ್ವಲ್ಪ ಹೊತ್ತು ನೀನು ಇಟ್ಕೋ ತಾಯಿ," ಎಂದು ಅವರ ಹೆಂಡತಿ, ನಮ್ಮ ಅತ್ತೆ, ನನ್ನ ಮುಂದೆಯೇ ಅಂದದ್ದುಂಟು.

ಅವರು ನನಗೆ ನೆಂಟರೇನಲ್ಲ. ಅವರ ಮನೆ ಮೇಲಿನ ಸಾಲಿನಲ್ಲಿ, ನಮ್ಮದು ಕೆಳಗಿನ ಸಾಲಿನಲ್ಲಿ. ಅವರ ಅಪ್ಪನೂ ನನ್ನ ಅಪ್ಪನೂ ಗುಂಡ್ಲುಪೇಟೆ ಕಡೆಯಿಂದ ಬೇರೆ ಬೇರೆ ಕಾಲದಲ್ಲಿ ಘಾಟಿ ಹತ್ತಿ ಬಂದವರು, ಅಷ್ಟೇ ಸಂಬಂಧ. ನಾನು ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಮದುವೆ ಪತ್ರಿಕೆ, ಅಂಗಡಿ ಬೋರ್ಡು, ಸತ್ತವರಿಗಾಗಿ ಗೋಡೆಗೆ ಅಂಟಿಸುವ 'ಕಣ್ಣೀರ್ ಅಂಜಲಿ' ಪೋಸ್ಟರು ಮಾಡಿಕೊಡುತ್ತಿದ್ದೆ. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿತ್ತು. ಡಿಜಿಟಲ್ ಕ್ಯಾಮೆರಾ ಬಂದು ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಕೊಯಮತ್ತೂರಿನಲ್ಲಿ ಹಾಗೆ ಮುಚ್ಚಿದ ಒಂದು ಸ್ಟುಡಿಯೋದವರಿಂದ ಹಳೆಯದೊಂದು ಫಿಲಂ ಸ್ಕ್ಯಾನರ್ ತಂದಿದ್ದೆ. ಅದು ಬಂದ ಮಾರನೆಯ ದಿನವೇ ಮಾವ ಎರಡು ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು.

ಟೀ ಸ್ಯಾಂಪಲ್ ಇಡುವ ತಗಡಿನ ಡಬ್ಬಗಳು. ಅಂಥವು ಅವರ ಮನೆಯಲ್ಲಿ ಇಪ್ಪತ್ಮೂರು ಇದ್ದವು, ಒಂದೊಂದರಲ್ಲೂ ನೂರರ ಹತ್ತಿರ ಸ್ಲೈಡು. ಎಸ್ಟೇಟಿನ ಮ್ಯಾನೇಜರೊಬ್ಬರು ಊರು ಬಿಡುವಾಗ ಕೊಟ್ಟು ಹೋದ ಕ್ಯಾಮೆರಾದಲ್ಲಿ ಮಾವ ಇಪ್ಪತ್ತು ವರ್ಷ ತೆಗೆದ ಚಿತ್ರಗಳು. ಸ್ಲೈಡ್ ಫಿಲಮ್ಮನ್ನು ಆಗ ತೊಳೆಯಲು ಬೊಂಬಾಯಿಗೆ ಟಪಾಲಿನಲ್ಲಿ ಕಳಿಸಬೇಕಿತ್ತು. ಬಂದದ್ದನ್ನು ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಬಹುದು, ಕಾಗದದ ಮೇಲೆ ಫೋಟೋ ಬೇಕೆಂದರೆ ಮತ್ತೆ ಬೊಂಬಾಯಿಯೇ ಗತಿ.

"ಇದರಲ್ಲಿ ಒಂದು ಹೆಣ್ಣುಮಗು ಇರಬೇಕು," ಎಂದರು. "ಎಂಟೊಂಬತ್ತು ವರ್ಷದ್ದು. ಎಲೆ ಬುಟ್ಟಿನ ಟೋಪಿ ಹಂಗೆ ತಲೆ ಮ್ಯಾಲೆ ಬೋರಲು ಹಾಕ್ಕೊಂಡದ. ನಮ್ಮ ಎಲೆ ಶೆಡ್ ಮುಂದೆ ತೆಗೆದದ್ದು. ಅದು ಸಿಕ್ಕಬೇಕು."

ಯಾರದು ಎಂದೆ. ಎದುರು ಗುಡ್ಡದ ಹಟ್ಟಿಯಿಂದ ಫ್ಯಾಕ್ಟರಿಗೆ ಎಲೆ ತರುತ್ತಿದ್ದ ಹೆತ್ತೆಯ ಮಗಳು ಎಂದರು. ಹೆತ್ತೆ ಎಂದರೆ ಬಡಗ ಮಾತಿನಲ್ಲಿ ಅಜ್ಜಿ. ನಮ್ಮ ಸಾಲಿನವರಿಗೆಲ್ಲ ಅವರು ಹೆತ್ತೆಯೇ. ಬಿಳಿ ಮುಂಡು ಸುತ್ತಿ, ತಲೆಗೆ ಬಿಳಿ ಬಟ್ಟೆ ಬಿಗಿದು ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದ ಅವರನ್ನು ನಾನೂ ನೋಡಿದ್ದೆ. ಅವರಿಗೆ ಒಬ್ಬ ಮಗಳಿದ್ದಳೆಂದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಾಮಾಲೆ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟಿದ್ದಳಂತೆ. ಶಾಲೆಯ ಗುಂಪು ಫೋಟೋ ತೆಗೆದ ದಿನ ಜ್ವರ ಅಂತ ಅವಳು ಹೋಗಿರಲಿಲ್ಲ. ಹೆತ್ತೆಯ ಮನೆಯಲ್ಲಿ ಅವಳ ಒಂದು ಚಿತ್ರವೂ ಇಲ್ಲ.

"ನನ್ನ ಕಣ್ಣಿನ ಒತ್ತಡ ಇಳೀತಿಲ್ಲ," ಎಂದು ಸೇರಿಸಿದರು, ಹವೆಯ ವಿಷಯ ಹೇಳುವವರ ಹಾಗೆ. "ಸುತ್ತ ಎಲ್ಲಾ ಕಪ್ಪಾಗದ. ನಟ್ಟನಡುವೆ ಒಂದು ಕಾಸಗಲ ಕಾಣ್ತದ. ಈ ಮಳೆಗಾಲ ದಾಟ್ತದೋ ಇಲ್ವೋ ಅಂದರು ಡಾಕ್ಟ್ರು. ಬೇಗ ಮಾಡವ್ವ."

ಬೇಗ ಮಾಡುವ ಯಂತ್ರವಲ್ಲ ಅದು. ಒಂದು ಸ್ಲೈಡಿಗೆ ನಾಲ್ಕು ನಿಮಿಷ. ಅದರ ಮಧ್ಯೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಭೂತಗನ್ನಡಿಯಲ್ಲಿ ನೋಡಿ ಬೇಕಾದದ್ದಷ್ಟನ್ನೇ ಹಾಕೋಣ ಎಂದರೆ ಕೇಳಲಿಲ್ಲ. ಎಲ್ಲವೂ ಆಗಲಿ, ಕಂಪ್ಯೂಟರ್ ಒಳಗೆ ಹೋದದ್ದನ್ನು ಬೂಷ್ಟು ತಿನ್ನುವುದಿಲ್ಲ ಎಂಬುದು ಅವರ ವಾದ. ಯಂತ್ರ ಗುಂಯ್ಯೆನ್ನುತ್ತಿದ್ದಷ್ಟು ಹೊತ್ತೂ ಅವರು ನಡೆಯುತ್ತಿದ್ದರು. ಹಜಾರ, ಅಡುಗೆಮನೆ, ಹಿತ್ತಿಲ ಬಾಗಿಲು, ಮತ್ತೆ ಹಜಾರ. "ಆಯ್ತಾ?" "ಇಲ್ಲ ಮಾವ." "ಈಗ?" "ಮಾವ, ಕೂತ್ಕೊಳ್ಳಿ!" ನನ್ನ ಟೀ ಪಾತ್ರೆಗೆ ಮೂಗು ತಂದು, "ಇದು ಟೀ ಅಲ್ಲ ಕನವ್ವ, ಡಸ್ಟಿಗೆ ಕೊಟ್ಟ ಶಿಕ್ಷೆ," ಎಂದು ಹಾಲು ಇಳಿಸಿ ಇಡುತ್ತಿದ್ದರು. ನನ್ನ ತಾಳ್ಮೆಯೂ ಅಷ್ಟಕ್ಕಷ್ಟೆ. ಮದುವೆ ಪತ್ರಿಕೆಗಳ ಕಾಲ ಬೇರೆ, ಕೈಲಿ ನಾಲ್ಕು ಆರ್ಡರ್ ಕೂತಿದ್ದವು. ಎಷ್ಟೋ ಸಲ ಅವರು ಬರುವ ಸದ್ದು ಕೇಳಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿದ್ದುಂಟು.

ಆದರೆ ಚಿತ್ರ ತೆರೆಯ ಮೇಲೆ ಮೂಡಿದ ಕೂಡಲೇ ಮನುಷ್ಯ ಬೇರೆ ಆಗಿಬಿಡುತ್ತಿದ್ದರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಗ್ಗಿ, ಆ ಕಾಸಗಲದ ಕಣ್ಣಿನಿಂದ ಚಿತ್ರವನ್ನು ಮೂಲೆಯಿಂದ ಮೂಲೆಗೆ ಗುಡಿಸುತ್ತಿದ್ದರು. ಅರ್ಧ ನನ್ನ ಕಣ್ಣನ್ನೇ ಬಳಸುತ್ತಿದ್ದರು. "ಬೆಳಕು ಎಲ್ಲಿಂದ ಬತ್ತದ ಹೇಳು." ಬಲಗಡೆಯಿಂದ ಎಂದೆ ಒಂದು ದಿನ. "ಎಲೆ ಶೆಡ್ಡಾ? ನೆರಳು ಉದ್ದ ಅದಾ? ಬಲಗಡೆ ಗುಡ್ಡ ಅದ ಕನವ್ವ, ಸಾಯಂಕಾಲ ಅಲ್ಲಿಂದ ಬಿಸಿಲು ಬರದು. ತಿರುವಿ ಹಾಕಿದ್ದೀಯ, ತೆಗಿ." ತೆಗೆದು ನೋಡಿದರೆ ನಿಜಕ್ಕೂ ತಿರುವಿ ಹಾಕಿದ್ದೆ. ಕಾಣುವ ಕಣ್ಣಿದ್ದೂ ನನಗೆ ಗೊತ್ತಾಗಿರಲಿಲ್ಲ. ಆ ದಿನದಿಂದ ನನ್ನ ಗೊಣಗಾಟ ಸ್ವಲ್ಪ ಕಡಿಮೆಯಾಯಿತು.

ಆ ಬೆಳಕಿನ ಹುಚ್ಚೇ ಅವರಿಗೆ ಮುಳುವಾಗಿದ್ದು. ಪ್ರತಿ ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೂ ಸಣ್ಣ ಅಕ್ಷರದಲ್ಲಿ ಬರೆದಿದ್ದರು: 'ಎಂಟು, ನೂರಿಪ್ಪತ್ತೈದು, ತೆಳು ಮೋಡ'. 'ಹನ್ನೊಂದು, ಇನ್ನೂರೈವತ್ತು, ಮೋಡ ಒಡೆದ ಬಿಸಿಲು'. ಕ್ಯಾಮೆರಾದ ಲೆಕ್ಕ ಮತ್ತು ಆಕಾಶದ ಲೆಕ್ಕ. ಡಬ್ಬಗಳನ್ನು ಜೋಡಿಸಿದ್ದೂ ಹಾಗೆಯೇ, ಬೆಳಕಿನ ಪ್ರಕಾರ. ಎರಡು ಸಾವಿರಕ್ಕೂ ಮಿಕ್ಕಿದ ಸ್ಲೈಡುಗಳಲ್ಲಿ ಒಂದರ ಮೇಲೂ ಒಬ್ಬ ಮನುಷ್ಯರ ಹೆಸರಿರಲಿಲ್ಲ. "ಅದೇನು ಮಾವ, ಹೆಸರು ಬರೆದಿದ್ದರೆ ಐದು ನಿಮಿಷದ ಕೆಲಸ," ಎಂದು ಕೆಣಕಿದೆ. "ಹೆಸರು ಮರೆಯಲ್ಲ ಅಂತಿದ್ದೆ. ಬೆಳಕು ಮರೀತದ ಅಂತ ಬರಕೊಂಡೆ," ಎಂದು ಮತ್ತೆ ನಡೆಯತೊಡಗಿದರು.

ಇಪ್ಪತ್ಮೂರನೇ ಡಬ್ಬದ ಮೇಲೆ ಮಾತ್ರ 'ಹಾಳು' ಎಂದು ಬರೆದಿತ್ತು. ಅಲುಗಿದವು, ವಾಲಿದವು, ಅವರ ಕಾಲ್ಬೆರಳೇ ಬಂದವು. ಯಂತ್ರ ಹೇಗಿದೆಯೋ ಎಂದು ಮೊದಲ ದಿನ ಪರೀಕ್ಷೆಗೆ ಅವನ್ನೇ ಹಾಕಿದ್ದೆವು. ಒಂದರಲ್ಲಿ ಒಬ್ಬ ಗಂಡಸು ವಾರೆಯಾಗಿ ನಿಂತಿದ್ದ. ಚಿತ್ರದ ಅಂಚಿಗೆ ಹಣೆ ಕತ್ತರಿಸಿಹೋಗಿತ್ತು, ಮುಖ ತಗ್ಗಿಸಿ ಏನನ್ನೋ ನೋಡಿ ನಗುತ್ತಿದ್ದ. "ಇದು ನೀವಲ್ಲವಾ ಮಾವ?" ಎಂದೆ. "ಯಾರೋ ಒತ್ತಿಬಿಟ್ಟವರೆ. ಬೆಳಕೇ ಸರಿ ಇಲ್ಲ, ಬಿಡು," ಎಂದರು. ನಾನೂ ಬಿಟ್ಟೆ.

ಆ ಹೆಣ್ಣುಮಗುವಿನ ಚಿತ್ರ ತೆಗೆದಾಗ ಮೋಡ ಒಡೆದು ಬಿಸಿಲು ಬಂದಿತ್ತು ಎಂಬುದು ಅವರಿಗೆ ಖಚಿತ. ಅಂಥ ಬೆಳಕಿನವು ಹನ್ನೊಂದರಿಂದ ಹದಿನಾರನೇ ಡಬ್ಬದವರೆಗೆ ಇದ್ದವು. ಹನ್ನೊಂದು, ಹನ್ನೆರಡು, ಹದಿಮೂರು ಮುಗಿಯುವಾಗ ಮೂರು ವಾರ ಕಳೆದವು. ಎಲೆ ತೂಗುವವರು, ತಲೆಮೂಟೆಯವರು, ಮಂಜಿನಲ್ಲಿ ಸಿಕ್ಕಿಕೊಂಡ ಲಾರಿ, ಎಲ್ಲ ಬಂದರು. ಬುಟ್ಟಿಯ ಟೋಪಿ ಬರಲಿಲ್ಲ. ಹೊರಗೆ ಮಳೆ ಹಿಡಿದಿತ್ತು. ಮಾವ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಹೆಚ್ಚಾಗುತ್ತಿತ್ತು. ಕಾಸಗಲ ಈಗ ಮೆಣಸಿನಕಾಳಿನಷ್ಟಾಗಿದೆ ಎಂದು ಅತ್ತೆ ನನ್ನ ಹತ್ತಿರ ಅತ್ತರು.

ಮಾವ ಕಣ್ಣಿನ ಡಾಕ್ಟರಿಗೆ ತೋರಿಸಲು ಕೊಯಮತ್ತೂರಿಗೆ ಇಳಿದ ದಿನ ನಾನೊಬ್ಬಳೇ ಹದಿನಾಲ್ಕನೇ ಡಬ್ಬ ತೆಗೆದೆ. ತೆಗೆದ ಕೂಡಲೇ ಹಳೇ ಒದ್ದೆ ಗೋಣಿಯ ವಾಸನೆ. ನಡುವೆ ಒಂದು ಬಟ್ಟೆಯ ಗಂಟು, ಅದರ ಸುತ್ತ ಬೂದುಬಣ್ಣದ ಬೂಷ್ಟು ಸ್ಲೈಡಿನಿಂದ ಸ್ಲೈಡಿಗೆ ಹಬ್ಬಿತ್ತು. ಗಂಟಿನೊಳಗೆ ಟೀಪುಡಿ. ಡ್ರೈಯರ್‌ನಿಂದ ಆಗಷ್ಟೇ ಇಳಿದ ಬಿಸಿ ಪುಡಿ ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಫ್ಯಾಕ್ಟರಿಯಲ್ಲಿದ್ದಷ್ಟು ದಿನ ಮಾವ ತಿಂಗಳಿಗೊಮ್ಮೆ ಹೊಸ ಪುಡಿ ಕಟ್ಟಿ ಎಲ್ಲ ಡಬ್ಬಕ್ಕೂ ಹಾಕುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ಡ್ರೈಯರ್ ಎಲ್ಲಿಂದ ಬರಬೇಕು? ಒಂದೊಂದಾಗಿ ಗಂಟುಗಳನ್ನು ತೆಗೆದುಹಾಕಿದ್ದರು, ಇದೊಂದರದ್ದು ಮರೆತಿತ್ತು. ಏಳು ಮಳೆಗಾಲದ ನೀರು ಕುಡಿದ ಪುಡಿ ಅದನ್ನೆಲ್ಲ ವಾಪಸ್ ಫಿಲಮ್ಮಿಗೇ ಕೊಟ್ಟಿತ್ತು. ಟೀ ಬಿಟ್ಟು ಬೇರೆ ಏನನ್ನೂ ನಂಬದ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು.

ನನಗೆ ಹೇಸಿಗೆಯೂ ಆಯಿತು, ಹೆದರಿಕೆಯೂ ಆಯಿತು. ಆ ಬೂಷ್ಟು ಸ್ಕ್ಯಾನರಿನ ಗಾಜಿಗೆ ಹತ್ತಿದರೆ ನನ್ನ ಅನ್ನ ಹೋಯಿತು. ಮೇಲಿನ ಎಂಟು ಹತ್ತನ್ನು ಬೆಳಕಿಗೆ ಹಿಡಿದೆ, ಏನೂ ಕಾಣಲಿಲ್ಲ. ಮುಚ್ಚಳ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿತ್ತಿಲ ಸೌದೆಯ ಹಿಂದೆ ಇಟ್ಟೆ. ಇಟ್ಟು ಕೈ ತೊಳೆದು ಒಂದು ಮದುವೆ ಪತ್ರಿಕೆ ಮುಗಿಸಿದೆ.

ಮಾರನೆಯ ದಿನ ಮಾವ ಬಂದವರೇ, "ಹದಿನಾಕು?" ಎಂದರು.

"ಅದು ಪೂರಾ ಹಾಳಾಗಿದೆ ಮಾವ. ಬೂಷ್ಟು ತಿಂದಿದೆ. ಒಂದೂ ಉಳಿದಿಲ್ಲ."

"ಎಲ್ಲಾನೂ ನೋಡ್ದಾ?"

"ಎಲ್ಲಾನೂ ನೋಡಿದೆ. ಹದಿನೈದು ಶುರು ಮಾಡೋಣ."

ಅವರು ಕೂತರು. ಮೂರು ವಾರದಲ್ಲಿ ಮೊದಲ ಸಲ ನಮ್ಮನೆ ಕುರ್ಚಿಯ ಮೇಲೆ, ಎರಡೂ ಕೈ ಮಂಡಿಯ ಮೇಲಿಟ್ಟು ಕೂತರು.

"ನಾನೂ ಹಂಗೇ ಅಂದಿದ್ದೆ ಕನವ್ವ," ಎಂದರು.

ಆಮೇಲೆ ಹೇಳಿದರು. ಮಗು ಸತ್ತು ಕರ್ಮವೆಲ್ಲ ಮುಗಿದ ಮೇಲೆ ಹೆತ್ತೆ ಫ್ಯಾಕ್ಟರಿಗೆ ಬಂದು, ಅವತ್ತು ಶೆಡ್ಡಿನ ಮುಂದೆ ತೆಗೆದದ್ದು ಬಂತಾ ಎಂದು ಕೇಳಿದ್ದರು. ಸೀಸನ್, ಎಲೆ ಬಂದು ಬೀಳುತ್ತಿತ್ತು. ಮಾವ ಬಿಡುವಾದಾಗ ಎರಡು ದಿನ ಹುಡುಕಿದರು. ಅದೇ ಲೆಕ್ಕ ಬರೆದ ನೂರಾರು ಸ್ಲೈಡು, ಸಿಗಲಿಲ್ಲ. ಹುಡುಕುತ್ತಿದ್ದೇನೆ ಎಂದರೆ ಹೆತ್ತೆ ದಿನವೂ ಬಂದು ನಿಲ್ಲುತ್ತಾರೆ, ಆ ಮುಖ ನೋಡಿಕೊಂಡು ಕೆಲಸ ಮಾಡುವುದು ಹೇಗೆ? "ಫಿಲಂ ಹಾಳಾಯ್ತು ಅಕ್ಕ, ಏನೂ ಬರ್ನಿಲ್ಲ ಅಂದೆ. ಒಂದು ಮಾತಲ್ಲಿ ಮುಗೀತದಲ್ಲ ಅಂತ. ಆವಮ್ಮ 'ಸರಿ ಅಣ್ಣ' ಅಂದು ಹೋದ್ರು. ನಾನು ಕೆಲಸ ಬಿಡೋ ಗಂಟ ದಿನಾ ಎಲೆ ತಂದ್ರು, ಇನ್ನೊಂದ್ಸಲ ಕೇಳ್ನಿಲ್ಲ. ಬಯ್ದಿದ್ರೆ ಚೆಂದಿತ್ತು. ವರ್ಷ ವರ್ಷ ಮೊದಲ ಆಲೂಗೆಡ್ಡೆ ಕಿತ್ತಾಗ ನಮ್ಮನೆಗೂ ಒಂದು ಕುಕ್ಕೆ ಕಳಿಸ್ತಾರೆ. ನಿಮ್ಮತ್ತೆ ಬೇಯಿಸ್ತಾಳೆ. ನನಗೆ ಆವತ್ತು ಮನೇಲಿ ಇರಕ್ಕಾಗದು."

ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವರ ಮೂಗಿಗೆ ತಪ್ಪಿಸಿಕೊಂಡ ವಾಸನೆ ಕಡಿಮೆ. ಅವರು ಎದ್ದು, "ಇವತ್ತು ಬ್ಯಾಡ ಕನವ್ವ," ಎಂದು ಮನೆಗೆ ಹತ್ತಿಹೋದರು. ನನಗೆ ನಾಚಿಕೆಯಾಯಿತು. ಹಿತ್ತಿಲಿಗೆ ಹೋಗಿ ಡಬ್ಬ ತಂದೆ.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತು, ಕಾಡಿಗೆ ಹಚ್ಚುವ ಸಣ್ಣ ಕುಂಚದಿಂದ ಒಂದೊಂದನ್ನೇ ಒರೆಸಿದೆ. ಕೆಲವು ಒರೆಸುತ್ತಿದ್ದ ಹಾಗೆ ಬಣ್ಣವೇ ಎದ್ದುಬಂತು. ಕೆಲವು ಬರೀ ನೇರಳೆ ಕಲೆ. ಮೂರು ದಿನ ಮಾವನಿಗೆ ಒಂದೊಂದು ನೆಪ ಹೇಳಿ ಬರಬೇಡಿ ಎಂದೆ. ನಲವತ್ತು ದಾಟಿತ್ತು, ಎಣಿಸುವುದನ್ನು ಬಿಟ್ಟಿದ್ದೆ. ಒಂದನ್ನು ಆಕಾಶಕ್ಕೆ ಹಿಡಿದಾಗ ಬುಟ್ಟಿ ಕಂಡಿತು.

ಬುಟ್ಟಿಯ ಕೆಳಗೆ ಮುಂದಿನ ಎರಡು ಹಲ್ಲು ಬಿದ್ದ ನಗು. ಹಿಂದಿನ ಶೆಡ್ಡು, ಗುಡ್ಡ, ಆಕಾಶ ಎಲ್ಲ ಬೂಷ್ಟಿನ ಬೇರಿಗೆ ಹೋಗಿದ್ದವು. ಒಂದು ಎಳೆ ಮಗುವಿನ ಎಡಗೆನ್ನೆಗೂ ಬಂದು, ಎಡಗಣ್ಣನ್ನು ಅಳಿಸಿತ್ತು. ಬಲಗಣ್ಣು, ಮೂಗು, ಬಾಯಿ ಉಳಿದಿದ್ದವು. ಓಡಿಹೋಗಿ ಮಾವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೀಗೇ ಕೊಡುವುದಾ ಅನ್ನಿಸಿತು. ಪೋಸ್ಟರಿಗೆ ಎಂಥೆಂಥ ಮುಖಗಳನ್ನೋ ತಿದ್ದಿದವಳು ನಾನು. ಸ್ಕ್ಯಾನ್ ಮಾಡಿ, ಕೆನ್ನೆ ತುಂಬಿಸಿ, ಬಲಗಣ್ಣನ್ನೇ ನಕಲು ತೆಗೆದು ಮಗ್ಗಲು ಬದಲಿಸಿ ಎಡಗಡೆ ಕೂರಿಸಿದೆ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆಮೇಲೆ ಹೋಗಿ ಕರೆದೆ.

ಅವರು ಚಪ್ಪಲಿ ಹಾಕಿಕೊಳ್ಳದೆ ಇಳಿದು ಬಂದರು. ಮೆಣಸಿನಕಾಳಿನಷ್ಟು ಕಣ್ಣನ್ನು ತೆರೆಯ ಮೇಲೆ ಬುಟ್ಟಿಯಿಂದ ಗಲ್ಲದವರೆಗೆ ನಿಧಾನ ಇಳಿಸಿದರು. "ಇವಳೇ," ಎಂದರು. ಮತ್ತೆ ನೋಡಿದರು.

"ಎರಡು ಕಣ್ಣೂ ಅದಾ?"

"ಇದೆ ಮಾವ."

"ಎಂಗದ ಎಡಗಣ್ಣು?"

"ಚೆನ್ನಾಗಿದೆ. ಅಗಲವಾಗಿ ಬಿಟ್ಟಿದ್ದಾಳೆ."

"ಎಡಗಡೆಯಿಂದ ಬಿಸಿಲು ಮಖಕ್ಕೇ ಹೊಡೀತಿತ್ತು. ಆ ಕಣ್ಣ ಕಿರಿದು ಮಾಡ್ಕೊಂಡಿದ್ದಳು. ಬುಟ್ಟಿ ತಗ್ಗಿಸು ಅಂದೆ, ಕೇಳ್ನಿಲ್ಲ." ಅವರು ನನ್ನ ಕಡೆ ತಿರುಗಿದರು. "ಅದು ನೀ ಬರೆದ ಕಣ್ಣು. ಅಳಿಸವ್ವ. ಒಂದು ಸುಳ್ಳು ಸಾಕು ಆವಮ್ಮನಿಗೆ."

ಅಳಿಸಿದೆ. ಇದ್ದದ್ದನ್ನು ಇದ್ದ ಹಾಗೆ ದೊಡ್ಡದಾಗಿ ಪ್ರಿಂಟು ತೆಗೆಸಿದೆವು.

ಎದುರು ಗುಡ್ಡದ ಹಟ್ಟಿಗೆ ಬಸ್ಸಿಳಿದು ಟೀ ಗಿಡಗಳ ನಡುವೆ ಕಾಲುದಾರಿಯಲ್ಲಿ ಹತ್ತಬೇಕು. ಮಾವ ನನ್ನ ತೋಳು ಹಿಡಿದಿದ್ದರು. ಸಾಲುಮನೆಗಳ ಮುಂದಿನ ಅಂಗಳದಲ್ಲಿ ಹೆತ್ತೆ ಬೀನ್ಸ್ ಬಿಡಿಸುತ್ತ ಕೂತಿದ್ದರು. ಅವರ ಮಾತು ಬಡಗ, ನಮ್ಮದು ಗುಂಡ್ಲುಪೇಟೆ ಕಡೆಯದು, ಒಬ್ಬರದೊಬ್ಬರಿಗೆ ಅರ್ಥವಾಗುತ್ತಿತ್ತು. ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದೇನೆ. "ಬನ್ನಿ ಅಣ್ಣ, ಒಳ್ಳೆಂಗೆ ಇದ್ದೀರಾ?" ಎಂದು ಎದ್ದರು.

ಮಾವ ಕೂರಲಿಲ್ಲ. ಲಕೋಟೆಯನ್ನು ಅವರ ಕೈಗೆ ಕೊಟ್ಟು ನಿಂತೇ ಹೇಳಿದರು: "ಅಕ್ಕ, ಅವತ್ತು ಫಿಲಂ ಹಾಳಾಯ್ತು ಅಂದೆ. ಹಾಳಾಗಿರ್ನಿಲ್ಲ. ನನಗೆ ಸಿಕ್ಕಿರ್ನಿಲ್ಲ. ಡಬ್ಬ ಎಲ್ಲಾ ಸರಿಯಾಗಿ ಹುಡುಕೂ ಇರ್ನಿಲ್ಲ. ಹಾಳಾದದ್ದು ಆಮ್ಯಾಲೆ, ನನ್ನ ಕೈಲೇ."

ಹೆತ್ತೆ ಚಿತ್ರ ಹೊರಗೆ ತೆಗೆದರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ. ಬೀನ್ಸ್ ಸಿಪ್ಪೆ ಅಂಟಿದ ಬೆರಳನ್ನು ಮುಂಡಿಗೆ ಒರೆಸಿಕೊಂಡು ಮಗುವಿನ ಮೂಗಿನ ಮೇಲೆ ಇಟ್ಟರು.

"ಸಿಕ್ಕಿಲ್ಲೆ ಅಂತ ಒಂದು ಮಾತು ಹೇಳಿದ್ರೆ ನಾನೇ ಬಂದು ಕೂತು ಹುಡುಕ್ತಿದ್ದೆ ಅಲ್ಲ, ಅಣ್ಣ," ಎಂದರು. ದನಿ ಏರಿತು. "ನನ್ನ ಕೂಸು ನನಗೆ ಗೊತ್ತಾಗಲ್ಲಾ? ಒಂದು ದಿನದ ಕೆಲಸ. ಇಪ್ಪತ್ತು ವರ್ಷ ಇದರ ಮೊಕ ಮರೀತಾ ಬಂದೆ. ಮೂಗು ಹೆಂಗಿತ್ತು ಅಂತ ತಂಗಿ ಮಗಳ ಮೂಗು ನೋಡ್ತಿದ್ದೆ. ಇವಳ ಮೂಗು ಹಂಗಿಲ್ಲೆ ನೋಡು. ಹಂಗೆ ಇಲ್ಲವೇ ಇಲ್ಲೆ."

ಚಿತ್ರ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಬಡಗರ ಮನೆಗೆ ಹೋದವರಿಗೆ ಕಾಫಿ ಕೊಡದೆ ಕಳಿಸುವ ಪದ್ಧತಿಯೇ ಇಲ್ಲ. ನಾವು ಅಂಗಳದಲ್ಲಿ ನಿಂತೇ ಇದ್ದೆವು. ಹೋಗೋಣವಾ ಎಂದು ಮಾವನ ತೋಳು ಅಲುಗಿಸಿದೆ. ಅವರು ಅಲ್ಲಾಡಲಿಲ್ಲ. ನಾಲ್ಕು ನಿಮಿಷ ನಿಲ್ಲಲಾಗದ ಮನುಷ್ಯ ಸಣ್ಣ ಮಳೆಯಲ್ಲಿ, ಬಾಗಿಲ ಕಡೆ ಮುಖ ಮಾಡಿ ಅರ್ಧ ಗಂಟೆಯ ಮೇಲೆ ನಿಂತರು. ಕಡೆಗೆ ಹೆತ್ತೆ ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಮೂರು ಲೋಟ ಕಾಫಿ ಇತ್ತು.

"ಇನ್ನೂ ಎಷ್ಟು ಡಬ್ಬ ಐತೆ?" ಎಂದು ನನ್ನನ್ನು ಕೇಳಿದರು.

ಮುಂದಿನ ವಾರದಿಂದ ಅವರೂ ಬಂದು ಕಂಪ್ಯೂಟರ್ ಮುಂದೆ ಕೂರತೊಡಗಿದರು. ಮಾವ ಬೆಳಕು ಕೇಳುತ್ತಿದ್ದರು, ಹೆತ್ತೆ ಹೆಸರು ಹೇಳುತ್ತಿದ್ದರು. ತೂಕದವನು ಯಾರ ಮಗ, ತಲೆಮೂಟೆಯವಳು ಯಾವ ಹಟ್ಟಿಗೆ ಸೊಸೆಯಾಗಿ ಹೋದಳು, ಎಲ್ಲ ಅವರ ನಾಲಿಗೆಯ ಮೇಲಿತ್ತು. ನಾನು ಚೌಕಟ್ಟುಗಳ ಮೇಲೆ ಬರೆಯುತ್ತ ಹೋದೆ. ಮಗು ಇನ್ನೆರಡು ಕಡೆ ಸಿಕ್ಕಿತು. ಒಂದರಲ್ಲಿ ಬರೀ ಬೆನ್ನು, ನಾನಾಗಿದ್ದರೆ ದಾಟಿಬಿಡುತ್ತಿದ್ದೆ. "ಮಾದಿ," ಎಂದರು ಹೆತ್ತೆ. ಅವಳ ಹೆಸರನ್ನು ನಾನು ಮೊದಲು ಕೇಳಿದ್ದು ಆಗ.

'ಹಾಳು' ಎಂದು ಬರೆದ ಡಬ್ಬವನ್ನೂ ಅವರು ಬಿಡಲಿಲ್ಲ. ಹಣೆ ಕತ್ತರಿಸಿದ ಗಂಡಸು ತೆರೆಯ ಮೇಲೆ ಬಂದಾಗ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. "ಅಣ್ಣ, ಇದು ಅವತ್ತು ಶೆಡ್ ಮುಂದೆ ತೆಗೆದದ್ದೇ. ನಾನೂ ಒತ್ತಬೇಕು ಅಂತ ಹಟ ಮಾಡ್ತು ನನ್ನ ಕೂಸು. ನೀವು ಕ್ಯಾಮೆರಾ ಪಟ್ಟಿ ಅದರ ಕೊರಳಿಗೆ ಹಾಕಿ ಕೊಟ್ರಿ, ನೆನಪಿಲ್ಲೆಯಾ?"

ಅಷ್ಟು ಹೊತ್ತಿಗೆ ಮಾವನಿಗೆ ತೆರೆ ಬರೀ ಬೆಳ್ಳಗೆ ಕಾಣುತ್ತಿತ್ತು. ಹೇಗಿದೆ ಹೇಳು ಎಂದರು. ವಾಲಿದೆ, ಅಲುಗಿದೆ, ಹಣೆ ಇಲ್ಲ ಎಂದೆ. "ಅವಳ ಎತ್ತರಕ್ಕೆ ಅಷ್ಟೇ ಸಿಗದು," ಎಂದು ಬಹಳ ಹೊತ್ತು ನಗುತ್ತಲೇ ಇದ್ದರು. ಎದ್ದು ಹಜಾರದಲ್ಲಿ ಎರಡು ಸುತ್ತು ಹಾಕಿ ಬಂದು, ಆ ಡಬ್ಬದ ಹೆಸರು ಬದಲಾಯಿಸು ಎಂದರು. ನಾನು 'ಹಾಳು' ಎಂಬುದನ್ನು ಒರೆಸಿಹಾಕಿದೆ.

ಕಣ್ಣು ಪೂರ್ತಿ ಹೋದ ಮೇಲೂ ಅವರು ಎರಡು ವರ್ಷ ಇದ್ದರು. ಗೋಡೆ ಹಿಡಿದುಕೊಂಡೇ ಓಡಾಡಿ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದರು. ಆಲೂಗೆಡ್ಡೆಯ ಕುಕ್ಕೆ ಬಂದ ದಿನ ಮನೆಯಲ್ಲೇ ಇರುತ್ತಿದ್ದರು, ಎರಡು ಸಲ ಪಲ್ಯ ಹಾಕಿಸಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆ ಕೊಟ್ಟ ಟೀ ಮೂಸಿ, "ಸರಿಯಾಗದ," ಎಂದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರು.

'ಕಣ್ಣೀರ್ ಅಂಜಲಿ' ಪೋಸ್ಟರಿಗೆ ಫೋಟೋ ಬೇಕಿತ್ತು. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆ ನಿಂತ ಮನುಷ್ಯ. ಮನೆಯಲ್ಲಿ ಸಿಕ್ಕಿದ್ದು ಗಾಬರಿಬಿದ್ದ ಒಂದು ಪಾಸ್‌ಪೋರ್ಟ್ ಸೈಜು. ನಾನು ಅತ್ತೆಯನ್ನು ಕೇಳಿ ಆ ವಾಲಿದ ಚಿತ್ರವನ್ನೇ ಹಾಕಿದೆ. ಪ್ರೆಸ್ಸಿನವರು ಫೋನು ಮಾಡಿ, ಹಣೆ ಇಲ್ಲವಲ್ಲ, ಸ್ವಲ್ಪ ಬರೆದು ಸರಿಮಾಡೋಣವಾ ಎಂದರು. ಒಂದು ಚುಕ್ಕೆ ಮುಟ್ಟಿದರೂ ಪೋಸ್ಟರು ವಾಪಸ್ ಎಂದು ಜೋರಾಗಿಯೇ ಹೇಳಿದೆ. ಅಂದಿನಿಂದ ನನ್ನ ಹತ್ತಿರ ಹಳೇ ಫೋಟೋ ತಂದು, ಅಮ್ಮನದೋ ಅಣ್ಣನದೋ ಮುಖ ಬರುತ್ತದಾ ಎಂದು ಕೇಳುವವರಿಗೆ 'ಹಾಳಾಗಿದೆ' ಎಂಬ ಮಾತು ಹೇಳುವುದಿಲ್ಲ. ನನಗೆ ಸಿಕ್ಕಿಲ್ಲ, ನೀವೂ ಬಂದು ಕೂತು ನೋಡಿ ಎನ್ನುತ್ತೇನೆ. ಎಷ್ಟೋ ಸಲ ಅವರಿಗೆ ಸಿಕ್ಕಿದೆ. ಇದು ಮಾವನಿಂದ ನನಗೆ ಬಂದದ್ದು.

ಎಲೆ ಶೆಡ್ಡಿನ ಗೋಡೆಗೂ ಒಂದು ಪೋಸ್ಟರ್ ಅಂಟಿಸಿದ್ದರು. ಮೂರನೆಯ ದಿನ ನಾನು ಅತ್ತ ಹೋದಾಗ ಹೆತ್ತೆ ಅದರ ಮುಂದೆ ನಿಂತಿದ್ದರು. ಎಲೆ ತೂಗಿಸಲು ಬಂದ ಹೆಂಗಸರನ್ನೆಲ್ಲ ಕರೆದು ತೋರಿಸುತ್ತಿದ್ದರು. ನನ್ನನ್ನೂ ಕೈಹಿಡಿದು ಹತ್ತಿರ ಎಳೆದುಕೊಂಡರು.

"ಇದು ನನ್ನ ಮಾದಿ ತೆಗೆದದ್ದು," ಎಂದರು. "ಅಣ್ಣನ ಕಣ್ಣು ನೋಡು. ಎಲ್ಲಿ ನೋಡ್ತಾ ಅವರೆ ನೋಡು." ಮಾವ ತಗ್ಗಿ ನೋಡುತ್ತಿದ್ದ ಕಡೆಗೆ, ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ, ಹೆತ್ತೆ ಅಂಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದು ತೋರಿಸಿದರು. "ಇಷ್ಟೇ ಎತ್ತರ ಇದ್ದಳು. ಇಲ್ಲೇ ನಿಂತಿದ್ದಳು."

ಮುಂದಿನ ಮಳೆಗೆ ಆ ಪೋಸ್ಟರ್ ಕಿತ್ತುಹೋಯಿತು. ಸ್ಲೈಡು ನನ್ನ ಹತ್ತಿರ ಇದೆ. ಅದರ ಚೌಕಟ್ಟಿನ ಮೇಲೆ ಎರಡು ಹೆಸರು ಬರೆದಿದ್ದೇನೆ: ನಿಂತವರದು, ತೆಗೆದವಳದು.